ಕಾಡು ಅಲೆದು ಫೋಟೋ ತೆಗೆಯುವವರೇ, ಕೆಲಸದ ತಲೆಬಿಸಿ ಇಳಿಸಿಕೊಳ್ಳಲು ನೀವು ಎಲ್ಲಿಗೆ ಹೋಗ್ತೀರಿ?

ಸಾಗವಾನಿ_ಎಲೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಸಾಲ ವಸೂಲಿಯ ಕೆಲಸದಲ್ಲಿದ್ದೇನೆ. ಬೆಳಿಗ್ಗೆ ಹೋದ ತಕ್ಷಣ ಟಾರ್ಗೆಟ್ ಮೀಟಿಂಗ್. ನಿನ್ನೆ ಎಷ್ಟು ಬಂತು, ಇವತ್ತು ಎಷ್ಟು ತರ್ತೀರಿ. ಆಮೇಲೆ ಸಂಜೆವರೆಗೆ ಫೋನು. ಕಂತು ಕಟ್ಟಲಾಗದವರಲ್ಲಿ ಕೆಲವರು ಬೈಯುತ್ತಾರೆ, ಕೆಲವರು ಅಳುತ್ತಾರೆ. ಬೈಸಿಕೊಳ್ಳುವುದನ್ನು ತಡೆದುಕೊಳ್ಳಬಹುದು. ಅಳು ಕೇಳಿಸಿಕೊಂಡು ಮುಂದಿನ ನಂಬರ್ ಒತ್ತುವುದು ಕಷ್ಟ. ಮಳೆ ಬರಲಿಲ್ಲ, ಮೆಣಸಿನಕಾಯಿ ರೇಟು ಬಿತ್ತು, ಮನೆಯಲ್ಲಿ ಆಸ್ಪತ್ರೆ ಖರ್ಚು. ಎಲ್ಲ ನಿಜವಾದ ಕಾರಣಗಳೇ. ಮನೆಗೆ ಬಂದರೆ ಮಗಳು ಶಾಲೆಯ ಸುದ್ದಿ ಹೇಳುತ್ತಿರುತ್ತಾಳೆ. ಕಿವಿಗೆ ಬೀಳುತ್ತದೆ, ತಲೆಗೆ ಇಳಿಯುವುದಿಲ್ಲ.

ಹೋದ ವರ್ಷ ಸೋದರಮಾವ ತಮ್ಮ ಹಳೆಯ ಕ್ಯಾಮೆರಾ ಕೊಟ್ಟರು. ಅದರ ಜೊತೆ ಬಂದದ್ದು ಮಾಮೂಲಿ 18-55 ಲೆನ್ಸು. ದೂರದ ಹಕ್ಕಿಯ ಫೋಟೋಗೆ ಅದು ಸಾಲದು ಅಂತ ಎಲ್ಲರೂ ಹೇಳಿದರು. ನಾನು ಭಾನುವಾರ ಬೆಳಕು ಹರಿಯುವ ಮೊದಲೇ ಬೈಕ್ ತೆಗೆದುಕೊಂಡು ಕಲಘಟಗಿ ದಾಟಿ ದೇವಿಕೊಪ್ಪದ ಕಡೆ ಹೋಗಲು ಶುರು ಮಾಡಿದೆ.

ಒಂದು ಸಂಗತಿ ಹೇಳುತ್ತೇನೆ. ಗಣಪತಿ ಹಬ್ಬ ಮುಗಿದ ಹೊತ್ತಿಗೆ ಅಲ್ಲಿನ ಸಾಗವಾನಿ ಎಲೆಗಳೆಲ್ಲ ಜರಡಿ ಆಗಿದ್ದವು. ಒಂದು ಸಣ್ಣ ಪತಂಗದ ಮರಿಹುಳ ಎಲೆಯ ಹಸಿರನ್ನೆಲ್ಲ ಮೇಯ್ದು ನರಗಳನ್ನಷ್ಟೇ ಬಿಡುತ್ತದೆ. ದೂರದಿಂದ ನೋಡಿದರೆ ಮಳೆಗಾಲದಲ್ಲೇ ಕಾಡು ಒಣಗಿತು ಅನ್ನಿಸುತ್ತದೆ. ಹತ್ತಿರ ಹೋಗಿ ಒಂದು ಎಲೆಯನ್ನು ಬೆಳಕಿಗೆ ಹಿಡಿದೆ. ನಡುವೆ ದಪ್ಪ ನರ, ಅದರಿಂದ ಒಡೆದ ಸಣ್ಣ ನರಗಳು, ಅವುಗಳ ನಡುವೆ ಕಣ್ಣಿಗೆ ಕಾಣುವಷ್ಟೇ ತೆಳ್ಳಗಿನವು. ಒಂದು ಮೂಲೆಯಲ್ಲಿ ಹುಳ ಬಿಟ್ಟುಹೋದ ಹಸಿರು ತುಣುಕು ಉಳಿದಿತ್ತು. ಆ ತುಣುಕಿಗೆ ಫೋಕಸ್ ಸಿಗುವವರೆಗೆ ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಆವತ್ತು ರಾತ್ರಿ ನಿದ್ದೆ ಬಂತು.

ಈಗ ನನ್ನ ಪ್ರಶ್ನೆ. ಫೋಟೋಗ್ರಫಿ ಗುಂಪುಗಳಿಗೆ ಸೇರಿದ ಮೇಲೆ ಅಲ್ಲಿಯೂ ಲೆಕ್ಕ ಕೇಳುವುದು ಶುರುವಾಗಿದೆ. ಏನು ಸಿಕ್ತು, ಎಷ್ಟು ಜಾತಿ ಆಯ್ತು, ಮಂಗಟ್ಟೆ ಹಕ್ಕಿ ಸಿಗಲಿಲ್ವಾ. ಕಾಡಿನಿಂದ ಬಂದವನನ್ನು ಮತ್ತೆ ಟಾರ್ಗೆಟ್ ಮೀಟಿಂಗಿನಲ್ಲಿ ಕೂರಿಸಿದ ಹಾಗೆ ಅನ್ನಿಸುತ್ತದೆ. ಈ ಬಿಡುವನ್ನು ಬಿಡುವಾಗಿಯೇ ಉಳಿಸಿಕೊಳ್ಳುವುದು ಹೇಗೆ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತಮುತ್ತ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆ ಸೇರುವಂಥ ಜಾಗಗಳು ಯಾವುವು? ನಿಮ್ಮ ಅನುಭವ ಹೇಳಿ.

ಕೆಲಗೇರಿ_ದಂಡೆ (ಧಾರವಾಡ)

ಅಣ್ಣಾರೆ, ಓದಿ ಸಮಾಧಾನ ಆಯ್ತು. ನಾನು ನರ್ಸ್. ನೈಟ್ ಡ್ಯೂಟಿ ಮುಗಿಸಿ ಹೊರಗೆ ಬಂದಾಗ ಮೈ ದಣಿದಿರುತ್ತದೆ, ತಲೆ ಮಾತ್ರ ಓಡುತ್ತಲೇ ಇರುತ್ತದೆ. ಸೀದಾ ಮನೆಗೆ ಹೋಗಿ ಮಲಗಿದರೂ ನಿದ್ದೆ ಹತ್ತುವುದಿಲ್ಲ.

ಕಲಘಟಗಿ ಕಾಡಿಗೆ ಒಬ್ಬಳೇ ಹೋಗುವುದು ನನಗೆ ಆಗದ ಮಾತು. ಹೆಣ್ಣುಮಕ್ಕಳು ಒಬ್ಬರೇ ಕ್ಯಾಮೆರಾ ಹಿಡಿದು ಮರದ ಕೆಳಗೆ ನಿಂತರೆ ಸಾಕು, ಯಾರಾದರೂ ಬೈಕು ನಿಲ್ಲಿಸಿ ಏನ್ ಮಾಡಾಕತ್ತೀರಿ, ಯಾರಿಗೆ ಕಾಯಾಕತ್ತೀರಿ ಅಂತ ಕೇಳುತ್ತಾರೆ. ಕೇಳಿ ಹೋಗುವುದೂ ಇಲ್ಲ, ಅಲ್ಲೇ ನಿಂತು ನೋಡುತ್ತಾರೆ. ಹಾಗಾಗಿ ನಾವು ಜೊತೆಯವರು ಕೂಡಿಕೊಂಡು ಕರ್ನಾಟಕ ವಿಶ್ವವಿದ್ಯಾಲಯದ ಆವರಣಕ್ಕೆ ಹೋಗುತ್ತೇವೆ. ವಾಕಿಂಗಿಗೆ ಬರುವ ಹಿರಿಯರು ಇರುತ್ತಾರೆ, ಭಯ ಇಲ್ಲ. ದೊಡ್ಡ ದೊಡ್ಡ ಮರಗಳಿವೆ. ಅದು ಕಾಡಲ್ಲ, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಅಲ್ಲಿ ಕೂತರೆ ವಾರ್ಡಿನ ಮಷೀನುಗಳ ಬೀಪ್ ಸದ್ದು ಕಿವಿಯಿಂದ ಹೋಗುತ್ತದೆ.

ಅಲ್ಲೊಂದು ಮರದ ಪೊಟರೆಯಲ್ಲಿ ಹಾಲಕ್ಕಿ ಜೋಡಿ ಇದೆ. ಬುಡಬುಡಕಿಯವರು ಹಾಲಕ್ಕಿ ನುಡೀತೈತಿ ಅಂತಾರಲ್ಲ, ಅದೇ ಪುಟ್ಟ ಗೂಬೆ. ಹಗಲಲ್ಲೂ ಕಾಣಿಸುತ್ತದೆ. ನಾವು ನಿಂತರೆ ಅದು ತಲೆಯನ್ನು ಮೇಲೆ ಕೆಳಗೆ, ಆ ಕಡೆ ಈ ಕಡೆ ಆಡಿಸಿ ನಮ್ಮನ್ನೇ ಅಳೆಯುತ್ತದೆ. ಒಂದು ಒಳಗೆ ಹೋದರೆ ಇನ್ನೊಂದು ಬಾಗಿಲಿಗೆ ಬರುತ್ತದೆ. ಫೋನಿನಲ್ಲಿ ತೆಗೆದ ಫೋಟೋದಲ್ಲಿ ಅದು ಬರೀ ಒಂದು ಕಂದು ಚುಕ್ಕಿ. ಆದರೂ ಅದು ನಮ್ಮ ಹಾಲಕ್ಕಿ. ಯಾವ ಮರ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಏಲಕ್ಕಿ_ಹಾರ (ಹಾವೇರಿ)

ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಸರ್. ಕ್ಯಾಮೆರಾ ಮನೆಯಲ್ಲೇ ಇಟ್ಟು ಹೋಗಿ ಅಂತ ಹೇಳುತ್ತೇನೆ.

ನಾನು ಶಾಲಾ ಶಿಕ್ಷಕ. ಪಾಠ ಮಾಡುವುದರಲ್ಲಿ ಆಯಾಸ ಇಲ್ಲ. ಆನ್‌ಲೈನ್ ಮಾಹಿತಿ ತುಂಬುವುದು, ಸಮೀಕ್ಷೆ, ಚುನಾವಣಾ ಕೆಲಸ, ಇವು ಜೀವ ಹಿಂಡುತ್ತವೆ. ಎಲ್ಲದಕ್ಕೂ ಫೋಟೋ ತೆಗೆದು ಕಳಿಸಬೇಕು. ಬಿಸಿಯೂಟದ ಫೋಟೋ, ಗಿಡ ನೆಟ್ಟ ಫೋಟೋ, ಸಭೆಯ ಫೋಟೋ. ದಿನವಿಡೀ ಇದನ್ನೇ ಮಾಡಿದವನಿಗೆ ಕಾಡಿನಲ್ಲೂ ಫೋನು ಎತ್ತಬೇಕಾ?

ನಾನು ಬಂಕಾಪುರದ ಕೋಟೆಗೆ ಹೋಗುತ್ತೇನೆ. ಕೋಟೆಯ ಒಳಗಿನ ಜಾಗವನ್ನು 2006ರಲ್ಲಿ ನವಿಲುಧಾಮ ಅಂತ ಘೋಷಿಸಿದರು. ಸುಮಾರು 139 ಎಕರೆ. ಖಿಲಾರಿ ದನಗಳ ತಳಿ ಕೇಂದ್ರವೂ ಅಲ್ಲೇ ಇದೆ. ದನಗಳು ಮೇಯುವ ಕಡೆಯೇ ನವಿಲುಗಳು ಓಡಾಡಿಕೊಂಡಿರುತ್ತವೆ. ಮುಂಗಾರು ಶುರುವಾಗುವ ಹೊತ್ತಿಗೆ ಗಂಡು ನವಿಲುಗಳ ಗರಿ ತುಂಬಿರುತ್ತದೆ, ಕುಣಿತ ಆಗ ಜಾಸ್ತಿ. ಮಳೆಗಾಲ ಕಳೆಯುತ್ತಾ ಗರಿ ಉದುರಿಸುತ್ತವೆ. ನಾಗರೇಶ್ವರ ಗುಡಿಯ ಹತ್ತಿರ ಸುಮ್ನೆ ಕೂತರೆ ಅವುಗಳ ಕೂಗು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವುದು ಕೇಳುತ್ತದೆ. ಕೂಗನ್ನು ಫೋಟೋ ತೆಗೆಯಲು ಆಗುತ್ತಾ? ಕ್ಯಾಮೆರಾ ಕೈಯಲ್ಲಿದ್ದರೆ ಕಿವಿ ಮುಚ್ಚಿಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ಹಳೇ_ಲೆನ್ಸು (ಧಾರವಾಡ)

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ.

2014ರಲ್ಲಿ ಲಿಂಡಾ ಹೆಂಕೆಲ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಜನರನ್ನು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, ಕೆಲವು ವಸ್ತುಗಳ ಫೋಟೋ ತೆಗೆಯಲು, ಕೆಲವನ್ನು ಬರೀ ನೋಡಲು ಹೇಳಿದರು. ಮರುದಿನ ಕೇಳಿದಾಗ ಫೋಟೋ ತೆಗೆದ ವಸ್ತುಗಳು ಜನರಿಗೆ ಕಡಿಮೆ ನೆನಪಿದ್ದವು. ಇಲ್ಲಿಗೆ ನಿಮ್ಮ ಮಾತು ಗೆದ್ದಿತು. ಆದರೆ ಆ ಪ್ರಯೋಗಕ್ಕೆ ಇನ್ನೊಂದು ಭಾಗ ಇದೆ. ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ಫೋಟೋ ತೆಗೆದವರ ನೆನಪು ಹಾಗೆ ಕುಂದಲಿಲ್ಲ. ಅಂದರೆ ಬಂದೆ, ಕ್ಲಿಕ್ಕಿಸಿದೆ, ಹೋದೆ ಅನ್ನುವುದು ಬೇರೆ. ಎಲೆಯ ಮೂಲೆಯಲ್ಲಿ ಉಳಿದ ಹಸಿರು ತುಣುಕಿಗೆ ಫೋಕಸ್ ಹುಡುಕುವುದು ಬೇರೆ. ನಮ್ಮ ಸಾಗವಾನಿ ತಮ್ಮ ಮಾಡಿದ್ದು ಎರಡನೆಯದು.

ನಾನು ಫಿಲ್ಮ್ ಕಾಲದವನು. ಒಂದು ರೋಲಿನಲ್ಲಿ 36 ಚಿತ್ರ. ತೊಳೆಸುವುದಕ್ಕೆ ದುಡ್ಡು, ಪ್ರಿಂಟಿಗೆ ದುಡ್ಡು. ಹಾಗಾಗಿ ಒಂದು ಮಿಂಚುಳ್ಳಿಯ ಎದುರು ಬೆಳಗಿನ ಪೂರ್ತಿ ಕೂತು ಒಂದೆರಡು ಸಲ ಮಾತ್ರ ಒತ್ತಿದ ದಿನಗಳಿವೆ. ಉಳಿದ ಹೊತ್ತೆಲ್ಲ ಕಣ್ಣಿನ ಕೆಲಸವೇ. ಅದು ಯಾವ ಕೊಂಬೆಗೆ ವಾಪಸ್ ಬರುತ್ತದೆ, ಹಿಡಿದ ಮೀನನ್ನು ಕೊಂಬೆಗೆ ಬಡಿದು ಹೇಗೆ ತಿರುಗಿಸಿ ತಲೆ ಕಡೆಯಿಂದ ನುಂಗುತ್ತದೆ, ಇದೆಲ್ಲ ನನಗೆ ಗೊತ್ತಾದದ್ದು ಫೋಟೋ ತೆಗೆಯದೆ ಕೂತಾಗ. ಆದರೆ ಕ್ಯಾಮೆರಾ ಇಲ್ಲದಿದ್ದರೆ ನಾನು ಅಲ್ಲಿ ಅಷ್ಟು ಹೊತ್ತು ಕೂರುತ್ತಲೇ ಇರಲಿಲ್ಲ. ಅದು ನನ್ನನ್ನು ಕಟ್ಟಿ ಕೂರಿಸಿತು.

ತಮ್ಮಾ, ನಿನ್ನ 18-55 ಲೆನ್ಸು ಸಾಕು. ಅದನ್ನು ಬದಲಿಸಿ ದೊಡ್ಡದು ತಗೋ ಅನ್ನುವವರ ಮಾತಿಗೆ ಈಗಲೇ ಹೋಗಬೇಡ. ಎಲೆ, ತೊಗಟೆ, ಹುಳ, ಮಂಜಿನ ಬೆಳಕು, ಇವಕ್ಕೆಲ್ಲ ಅದೇ ಒಳ್ಳೆಯದು. ಫೋನು ಇರುವವರು ಲೆನ್ಸಿನ ಮೇಲಿನ ಬೆರಳಿನ ಜಿಡ್ಡನ್ನು ಒರೆಸಿ, ಸೂರ್ಯ ಬದಿಯಿಂದ ಬರುವ ಹೊತ್ತಿಗೆ ತೆಗೆಯಿರಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಇನ್ನು ಗುಂಪಿನ ವಿಷಯ. ಫೋಟೋ ತೆಗೆದ ದಿನವೇ ಹಾಕಬೇಡ. ಒಂದು ವಾರ ನಿನ್ನ ಹತ್ತಿರವೇ ಇರಲಿ. ಆಮೇಲೂ ಹಾಕಬೇಕು ಅನ್ನಿಸಿದರೆ ಹಾಕು.

ಮಣ್ಣಿನ_ದಾರಿ (ಕಲಘಟಗಿ)

ಎಲ್ಲರ ಮಾತೂ ಓದಿದೆ. ನೀವು ಬರುವ ಕಾಡಿಗೆ ನಮ್ಮ ಹೊಲ ಹತ್ತಿದೆ. ಹಾಗಾಗಿ ಈ ಕಡೆಯ ಮಾತೂ ಹೇಳಬೇಕು ಅನ್ನಿಸಿತು. ಯಾರೂ ತಪ್ಪು ತಿಳಿಯಬೇಡಿ.

ನಮಗೆ ಭತ್ತ, ಗೋವಿನಜೋಳ ಬರುವ ಹೊತ್ತಿಗೆ ದಾಂಡೇಲಿ ಕಡೆಯಿಂದ ಆನೆಗಳು ಬರುತ್ತವೆ. ಕಾಡುಹಂದಿ ಅಂತೂ ವರ್ಷಪೂರ್ತಿ ಇದ್ದದ್ದೇ. ರಾತ್ರಿ ಅಟ್ಟದ ಮೇಲೆ ಕೂತು, ಬೆಂಕಿ ಹಾಕಿಕೊಂಡು, ಡಬ್ಬಿ ಬಡಿದು, ಪಟಾಕಿ ಹೊಡೆದು ಕಾಯುತ್ತೇವೆ. ಬೆಳಗಿನ ಜಾವ ಸ್ವಲ್ಪ ಕಣ್ಣು ಹತ್ತುವ ಹೊತ್ತಿಗೆ ನಿಮ್ಮ ಬೈಕುಗಳು ಬರುತ್ತವೆ. ನಿಮಗೆ ಅಲ್ಲಿಗೆ ಬಂದರೆ ನಿದ್ದೆ ಬರುತ್ತದೆ, ನಮಗೆ ಅಲ್ಲೇ ನಿದ್ದೆ ಹೋಗುತ್ತದೆ. ಸಿಟ್ಟಿನಿಂದ ಹೇಳುತ್ತಿಲ್ಲ. ಸಾಲದ ಫೋನು ಬಂದಾಗ ಈ ಕಡೆ ಕೂತು ಎತ್ತುವವರಲ್ಲಿ ನಾನೂ ಒಬ್ಬ. ಆ ಕಡೆ ಕೂತವರಿಗೂ ನಿದ್ದೆ ಇಲ್ಲ ಅನ್ನುವುದು ಇವತ್ತೇ ಗೊತ್ತಾಯಿತು.

ಬರುವವರು ಬರ್ರಿ. ಆದರೆ ಬದುವಿನ ಮೇಲೆ ನಡೆಯಿರಿ, ಪೈರಿನೊಳಗೆ ಇಳಿಯಬೇಡಿ. ನವಿಲು ಅಲ್ಲಿದೆ ಅಂತ ಕ್ಯಾಮೆರಾ ಹಿಡಿದುಕೊಂಡು ಹೆಸರುಕಾಳಿನ ಹೊಲದಲ್ಲಿ ಓಡಿದವರನ್ನು ನೋಡಿದ್ದೇನೆ. ಹೊಲದಲ್ಲಿ ಯಾರಾದರೂ ಇದ್ದರೆ ಒಂದು ಮಾತು ಕೇಳಿ ಹೋಗಿ. ಯಾರೂ ಬೇಡ ಅನ್ನುವುದಿಲ್ಲ. ಆನೆ ಎಲ್ಲಿದೆ, ಯಾವ ದಾರಿ ಬೇಡ ಅಂತ ಹೇಳುವವರು ಅವರೇ.

ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಹಕ್ಕಿಯನ್ನು ಕರೆಯುವವರು ಬರುತ್ತಾರೆ. ಮರಿ ಮಾಡುವ ಕಾಲದಲ್ಲಿ ಅದನ್ನು ಕೇಳಿ ಗಂಡು ಹಕ್ಕಿ ಬೇರೆ ಗಂಡು ಬಂತು ಅಂತ ಗೂಡು ಬಿಟ್ಟು ಓಡಿ ಬರುತ್ತದೆ. ಮತ್ತೆ ಮತ್ತೆ ಹಾಕುತ್ತಲೇ ಇರುತ್ತಾರೆ. ನೋಡಿ ಹೊಟ್ಟೆ ಉರಿಯಿತು. ನಮ್ಮಪ್ಪ ಒಬ್ಬರ ಕೈಯಿಂದ ಫೋನು ಇಸಿದುಕೊಂಡು ಬಂದ್ ಮಾಡಿಸಿದ.

ಇನ್ನೊಂದು, ಚಳಿಗಾಲದಿಂದ ಬೇಸಿಗೆವರೆಗೆ ಉಣ್ಣಿ ಜಾಸ್ತಿ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿಕೊಳ್ಳಿ, ಒಣ ಎಲೆ ಮೇಲೆ ಹೊರಳಿ ಫೋಟೋ ತೆಗೆಯಬೇಡಿ. ಮನೆಗೆ ಹೋದ ತಕ್ಷಣ ಬಿಸಿನೀರಿನಲ್ಲಿ ಸ್ನಾನ ಮಾಡಿ, ಮೊಣಕಾಲ ಹಿಂದೆ, ಕಂಕುಳು ನೋಡಿಕೊಳ್ಳಿ. ಪಕ್ಕದ ಉತ್ತರ ಕನ್ನಡದಲ್ಲಿ ಮಂಗನ ಕಾಯಿಲೆ ಬರುವುದು ಈ ಉಣ್ಣಿಯಿಂದಲೇ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಒಳ್ಳೆಯದನ್ನೂ ಹೇಳುತ್ತೇನೆ. ಧಾರವಾಡದ ಒಬ್ಬರು ಹೋದ ಸುಗ್ಗಿಯಲ್ಲಿ ನಮ್ಮಪ್ಪ ಅಟ್ಟದ ಮೇಲೆ ಕಂಬಳಿ ಹೊದ್ದು ಕೂತಿದ್ದನ್ನು ಫೋಟೋ ತೆಗೆದರು. ಮುಂದಿನ ಸಲ ಬಂದಾಗ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದುಕೊಟ್ಟರು. ಈಗ ಅದು ನಡುಮನೆಯಲ್ಲಿದೆ. ಬಂದವರಿಗೆಲ್ಲ ಅಪ್ಪ ತೋರಿಸುತ್ತಾನೆ.

ಸಾಗವಾನಿ_ಎಲೆ (ಹುಬ್ಬಳ್ಳಿ)

ಅಣ್ಣಾರೆ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಮುಂದಿನ ಸಲ ಬಂದಾಗ ನಿಮ್ಮ ಹೊಲದ ಕಡೆ ಬಂದು ಮಾತಾಡಿಸುತ್ತೇನೆ. ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ನಿಮ್ಮ ಪೈರು ಚೆನ್ನಾಗಿ ಬರಲಿ.

ಹಳೇ ಲೆನ್ಸು ಸರ್, ಒಂದು ವಾರ ಇಟ್ಟುಕೊಳ್ಳುವ ಮಾತು ಹಿಡಿಸಿತು. ಅದನ್ನು ಪಾಲಿಸುತ್ತೇನೆ.

ಚಿಗರಿ_ಬಸ್ಸು (ಹುಬ್ಬಳ್ಳಿ)

ಬೈಕ್ ಇಲ್ಲದವರು, ಕಾಡಿಗೆ ಹೋಗಲು ಆಗದವರು ಏನು ಮಾಡಬೇಕು? ನಾನು ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಿಆರ್‌ಟಿಎಸ್ ಬಸ್ಸಿನಲ್ಲಿ ಓಡಾಡುವವಳು. ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ, ಭಾನುವಾರ ಪೂರ್ತಿ ಹೊರಗೆ ಇರಲು ಆಗಲ್ಲ.

ಸದ್ಯಕ್ಕೆ ನೃಪತುಂಗ ಬೆಟ್ಟಕ್ಕೆ ಹೋಗ್ತೀನಿ. ಉಣಕಲ್ ಕೆರೆ ಬಸ್ಸಿನ ದಾರಿಯಲ್ಲೇ ಸಿಗುತ್ತದೆ, ಸಂಜೆ ಅಲ್ಲಿ ಇಳಿದುಕೊಳ್ಳುವುದೂ ಉಂಟು. ಮೆರ್ಲಿನ್ ಅಂತ ಒಂದು ಆ್ಯಪ್ ಇದೆ. ಹಕ್ಕಿ ಕೂಗು ಕೇಳಿಸಿಕೊಂಡು ಯಾವ ಹಕ್ಕಿ ಇರಬಹುದು ಅಂತ ಹೇಳುತ್ತದೆ. ಅದು ಕೇಳಿಸಿಕೊಳ್ಳುವುದಕ್ಕೆ, ಮೇಲೆ ಅಣ್ಣಾರು ಹೇಳಿದ ಹಾಗೆ ಕೂಗು ಹಾಕಿ ಕರೆಯುವುದಕ್ಕಲ್ಲ. ಮನೆಯ ಹಿಂದೆ ದಿನಾ ಹಾಡುವ ಹಕ್ಕಿ ಮಡಿವಾಳ ಅಂತ ಗೊತ್ತಾದ ದಿನ ಅಜ್ಜಿಗೆ ಹೇಳಿದೆ. ಅಜ್ಜಿ, ನನಗೆ ಗೊತ್ತೇ ಇತ್ತಲ್ಲೇ ಅಂದರು! ಈಗ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದು ಇಬ್ಬರೂ ಕೂರ್ತೀವಿ. ನಾನು ಫೋಟೋ ತೆಗೀತೀನಿ, ಅಜ್ಜಿ ಹೆಸರು ಹೇಳ್ತಾರೆ. ಪಿಕಳಾರ, ಕೆಂಬೂತ, ಸೂರಕ್ಕಿ. ಇದನ್ನು ಕಾಡು ಅನ್ನಲು ಬರಲ್ಲ, ಆದರೆ ನನಗೆ ಇದರಿಂದ ಒಳ್ಳೆಯದಾಗಿದೆ.

ಕಪ್ಪತ್ತ_ಗಾಳಿ (ಗದಗ)

ತಂಗಿ, ನಿನ್ನ ಅಜ್ಜಿಯ ಹಿತ್ತಲು ನನಗೆ ಬಹಳ ಇಷ್ಟ ಆಯ್ತು.

ನನ್ನ ಕಡೆಯಿಂದ ಕಪ್ಪತಗುಡ್ಡ. ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು. ಗದಗಿನಲ್ಲಿ ಪ್ರೆಸ್ಸುಗಳಿಗೆ ಬರ ಇಲ್ಲ, ಗೊತ್ತಲ್ಲ. ಮದುವೆ ಸೀಸನ್ ಬಂದರೆ ಹಗಲು ರಾತ್ರಿ ಅಕ್ಷರ ತಿದ್ದುವುದು. ಒಂದು ಇನಿಶಿಯಲ್ ತಪ್ಪಾದರೆ ಬೀಗರು ಜಗಳಕ್ಕೆ ಬರುತ್ತಾರೆ. ಗೇಣು ದೂರದ ಕಾಗದ ಬಿಟ್ಟು ಕಣ್ಣು ಬೇರೆ ಏನನ್ನೂ ನೋಡುವುದಿಲ್ಲ. ಗುಡ್ಡದ ಮೇಲೆ ನಿಂತು ಕೆಳಗಿನ ಎರೆಹೊಲಗಳ ಕಡೆ ನೋಡಿದರೆ ದಿಗಂತದವರೆಗೆ ಏನೂ ಅಡ್ಡ ಇಲ್ಲ. ಆ ದೂರ ನೋಡುವಾಗ ಹಣೆಯ ನರ ಸಡಿಲ ಆಗುವುದು ನನಗೆ ತಿಳಿಯುತ್ತದೆ. ಮಲೆನಾಡಿನ ದಟ್ಟ ಕಾಡಿನಲ್ಲಿ ಈ ಸುಖ ನನಗೆ ಸಿಕ್ಕಿಲ್ಲ.

ಇದು ಎತ್ತರದ ಮರಗಳ ಕಾಡಲ್ಲ. ಕುರುಚಲು, ಹುಲ್ಲು, ಕಲ್ಲು, ಗಾಳಿ. ಸುತ್ತ ಗಾಳಿಯಂತ್ರಗಳು. ಬೇಸಿಗೆಯಲ್ಲಿ ಬಂದು ಇಲ್ಲೇನಿದೆ ಅಂತ ಕೇಳುವವರು ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಂದು ನೋಡಲಿ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ. ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿ ಎಲ್ಲ ಇವೆ. ನಾನು ಅವನ್ನು ಹುಡುಕಿಕೊಂಡು ಹೋಗುವುದಿಲ್ಲ. ನನಗೆ ಮಿರಗದ ಹುಳ ಸಾಕು.

ಮಿರಗದ (ಮೃಗಶಿರ) ಮಳೆ ಬಿದ್ದ ಮರುದಿನ ಬೆಳಿಗ್ಗೆ ಕೆಂಪು ಮಣ್ಣಿನ ಮೇಲೆ ಇನ್ನೂ ಕೆಂಪಾಗಿ ಓಡಾಡುತ್ತಿರುತ್ತವೆ. ಮೈಯೆಲ್ಲ ಮಖಮಲ್ಲು, ಎಂಟು ಕಾಲು. ಅದು ಕೀಟ ಅಲ್ಲ, ಜೇಡದ ಸಂಬಂಧಿ. ಬೆರಳು ತಾಗಿಸಿದರೆ ಕಾಲೆಲ್ಲ ಒಳಗೆ ಎಳೆದುಕೊಂಡು ಮುದುಡಿ ಬಿದ್ದುಕೊಳ್ಳುತ್ತದೆ. ಕೈ ಹಿಂದೆ ತೆಗೆದು ಕಾದರೆ ಮೊದಲು ಮುಂದಿನ ಎರಡು ಕಾಲು ಹೊರಗೆ ಬರುತ್ತವೆ, ತಡವಿ ನೋಡುತ್ತವೆ, ಆಮೇಲೆ ಉಳಿದವು. ಆ ಮುಂದಿನ ಕಾಲು ಹೊರಬರುವ ಕ್ಷಣದ ಫೋಟೋಗೆ ನಾನು ನೆಲಕ್ಕೆ ಮುಖ ಹಚ್ಚಿ ಮಲಗುತ್ತೇನೆ. ಫೋನಿಗೆ ಸಿಕ್ಕಿಸುವ ಸಣ್ಣ ಮ್ಯಾಕ್ರೋ ಲೆನ್ಸು ಸಾಕು. ವರ್ಷದಲ್ಲಿ ಸ್ವಲ್ಪ ದಿನ ಮಾತ್ರ ಕಾಣುತ್ತವೆ, ಆಮೇಲೆ ಮಣ್ಣಿನೊಳಗೆ.

ಈ ಗುಡ್ಡ ಸುಮ್ನೆ ಉಳಿದದ್ದಲ್ಲ ಅನ್ನುವುದನ್ನೂ ಹೇಳಬೇಕು. ಇಲ್ಲಿ ಚಿನ್ನದ ಗಣಿ ಮಾಡುವ ಪ್ರಸ್ತಾಪ ಇತ್ತು. 2017ರಲ್ಲಿ ಗದಗಿನಲ್ಲಿ ದೊಡ್ಡ ಸತ್ಯಾಗ್ರಹ ನಡೆಯಿತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ರೈತರು, ವಿದ್ಯಾರ್ಥಿಗಳು, ಅಂಗಡಿಯವರು ಎಲ್ಲ ಕೂತರು. 2018ರಲ್ಲಿ ಸ್ವಾಮೀಜಿ ಲಿಂಗೈಕ್ಯರಾದರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಜಾಗ ವನ್ಯಜೀವಿ ಧಾಮ ಆಯಿತು. ಅದನ್ನು ಅವರು ನೋಡಬೇಕಿತ್ತು.

ಹಾಗಾಗಿ ಬೀಡಿ ಸಿಗರೇಟು ಸೇದುವವರು ದಯವಿಟ್ಟು ಇಲ್ಲಿಗೆ ಬರಬೇಡಿ. ಹುಲ್ಲು ಒಣಗಿದ ಮೇಲೆ ಒಂದು ಕಿಡಿಗೆ ಗುಡ್ಡವೇ ಹತ್ತಿ ಉರಿಯುತ್ತದೆ, ಗಾಳಿ ಬೇರೆ. ಧಾಮದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. 1972ರ ವನ್ಯಜೀವಿ ಕಾಯ್ದೆಯಲ್ಲಿ ಫೋಟೋಗ್ರಫಿಗೂ ಅನುಮತಿ ಕೊಡುವ ದಾರಿ ಇದೆ, ಕೇಳಿ ಪಡೆಯಿರಿ. ಡ್ರೋನ್ ತರಲೇಬೇಡಿ.

ಮನದ_ಮಾತು (ಧಾರವಾಡ)

ನಾನು ಆಪ್ತಸಮಾಲೋಚಕಿ. ಈ ಮಾತುಕತೆಯನ್ನು ನನ್ನಲ್ಲಿಗೆ ಬರುವವರಿಗೆ ಓದಿ ಹೇಳಬೇಕು ಅನ್ನಿಸುತ್ತಿದೆ.

ಸಾಗವಾನಿ ಅವರೇ, ನೀವು ಹೇಳಿದ ಫೋಕಸ್ ಸಿಗುವವರೆಗೆ ಬೇರೆ ಏನನ್ನೂ ಯೋಚಿಸದ ಹೊತ್ತು ಬಹಳ ಬೆಲೆಯುಳ್ಳದ್ದು. ಚಿಂತೆ ಅಂದರೆ ಮನಸ್ಸು ಒಂದೇ ಮಾತನ್ನು ಅರೆಯುತ್ತಾ ಕೂರುವುದು. ಕಣ್ಣಿಗೆ, ಕೈಗೆ ಹಿತವಾದ ಒಂದು ಕೆಲಸ ಕೊಟ್ಟಾಗ ಆ ಅರೆಯುವುದು ನಿಲ್ಲುತ್ತದೆ. ಎಷ್ಟು ಹೊತ್ತು ಬೇಕು ಅಂತ ಕೆಲವರು ಕೇಳುತ್ತಾರೆ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ ಬಂತು. ವಾರಕ್ಕೆ 120 ನಿಮಿಷ ಅಥವಾ ಹೆಚ್ಚು ಹೊತ್ತು ಗಿಡಮರಗಳ ನಡುವೆ ಕಳೆಯುವವರಲ್ಲಿ ಆರೋಗ್ಯ ಚೆನ್ನಾಗಿದೆ, ನೆಮ್ಮದಿ ಇದೆ ಅಂದವರು ಜಾಸ್ತಿ ಇದ್ದರು. ಒಂದೇ ಸಲ ಹೋದರೂ ಸರಿ, ಬಿಡಿಬಿಡಿಯಾಗಿ ಹೋದರೂ ಸರಿ. ಸಂಜೆ ಉಣಕಲ್ ಕೆರೆಯ ಹತ್ತಿರ ಇಳಿದುಕೊಳ್ಳುವ ತಂಗಿಗೆ ಇದು ಸಮಾಧಾನ ಕೊಡಬಹುದು. ಆರೋಗ್ಯವಾಗಿ ಇರುವವರೇ ಹೊರಗೆ ಹೆಚ್ಚು ಹೋಗುತ್ತಾರೆ ಅನ್ನುವ ಸಾಧ್ಯತೆಯೂ ಇದೆ, ಹಾಗಾಗಿ ಆ ಅಂಕಿಯನ್ನು ಔಷಧಿಯ ಡೋಸ್ ಅಂತ ತಿಳಿಯಬೇಡಿ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಏನೂ ಅನ್ನಿಸದಿದ್ದರೆ, ಸಾಯುವ ಯೋಚನೆ ಬಂದರೆ, ಕಾಡಿಗೆ ಹೋಗಿ ಸರಿಮಾಡಿಕೊಳ್ಳುತ್ತೇನೆ ಅಂತ ಕೂರಬೇಡಿ. ಅಂಥ ಹೊತ್ತಿನಲ್ಲಿ ಒಬ್ಬರೇ ಕಾಡಿಗೆ ಹೋಗುವುದೂ ಬೇಡ. ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಸಾಲದ ಚಿಂತೆಯಲ್ಲಿರುವ ರೈತರೂ ಮಾಡಬಹುದು, ಸಾಲ ವಸೂಲಿಯವರೂ ಮಾಡಬಹುದು.

ಕೆಲಗೇರಿ_ದಂಡೆ (ಧಾರವಾಡ)

ಅಕ್ಕಾ, 14416 ನಂಬರನ್ನು ನಮ್ಮ ಡ್ಯೂಟಿ ರೂಮಿನ ಗೋಡೆಗೆ ಬರೆದು ಅಂಟಿಸಿದೆ.

ಚಿಗರಿ ಬಸ್ಸು ತಂಗಿ, ಒಂದು ಬೆಳಿಗ್ಗೆ ಧಾರವಾಡಕ್ಕೆ ಬೇಗ ಬರಲು ಆದರೆ ನಮ್ಮ ಜೊತೆ ಬಾ. ನಾವೆಲ್ಲ ಹೆಣ್ಣುಮಕ್ಕಳೇ. ಹಾಲಕ್ಕಿ ಮರ ತೋರಿಸುತ್ತೇನೆ.

ಏಲಕ್ಕಿ_ಹಾರ (ಹಾವೇರಿ)

ಹಳೇ ಲೆನ್ಸು ಹಿರಿಯರು ಹೇಳಿದ್ದು ಓದಿದ ಮೇಲೆ ನಾನು ಯೋಚನೆ ಮಾಡಿದೆ. ಲೆಕ್ಕಕ್ಕಾಗಿ ತೆಗೆಯುವ ಫೋಟೋ ಬಗ್ಗೆ ನನ್ನ ಸಿಟ್ಟು ಹಾಗೇ ಇದೆ. ಕಟ್ಟಿ ಕೂರಿಸುವ ಕ್ಯಾಮೆರಾ ಬಗ್ಗೆ ತಕರಾರಿಲ್ಲ.

ರಾಣೆಬೆನ್ನೂರಿನ ಧಾಮವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. 1974ರಲ್ಲಿ ಕೃಷ್ಣಮೃಗಗಳಿಗಾಗಿ, ಅಂದರೆ ಚಿಗರಿಗಳಿಗಾಗಿ ಮಾಡಿದ್ದು, 119 ಚದರ ಕಿಲೋಮೀಟರ್. ಚಿಗರಿಗೆ ಬೇಕಾದದ್ದು ಬಯಲು ಹುಲ್ಲುಗಾವಲು. ಅಲ್ಲಿ ಜಾಸ್ತಿ ಇರುವುದು ನೀಲಗಿರಿ ನೆಡುತೋಪು. ಒಂದು ಕಾಲಕ್ಕೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಅದು ನೆಲೆಯಾಗಿತ್ತು. ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಇದನ್ನು ಹೇಳುತ್ತೇನೆ. ಮರ ಇದ್ದರೆ ಮಾತ್ರ ಕಾಡು ಅಂದುಕೊಂಡಿರುತ್ತಾರೆ ಅಲ್ವಾ. ಬರುವವರು ಒಂದು ಮಾತು ನಡೆಸಿಕೊಡಿ, ಚಿಗರಿ ಓಡುವ ಫೋಟೋ ಬೇಕು ಅಂತ ಗಾಡಿಯಲ್ಲಿ ಅಟ್ಟಬೇಡಿ. ನಿಂತ ಚಿಗರಿಯೇ ಚಂದ. ಗಂಡಿನ ತಿರುಚಿದ ಕೊಂಬು, ಕಣ್ಣ ಸುತ್ತಲಿನ ಬಿಳಿ ಎಲ್ಲ ಆಗಲೇ ಕಾಣುವುದು.

ಸಾಗವಾನಿ_ಎಲೆ (ಹುಬ್ಬಳ್ಳಿ)

ಎಲ್ಲರಿಗೂ ಧನ್ಯವಾದ. ಇಷ್ಟು ಮಾತು ಬರುತ್ತದೆ ಅಂದುಕೊಂಡಿರಲಿಲ್ಲ. ಫೋಟೋ ಗುಂಪುಗಳನ್ನು ಸದ್ಯ ಮ್ಯೂಟ್ ಮಾಡಿದ್ದೇನೆ. ನಿನ್ನೆ ಮಗಳಿಗೆ ಜರಡಿ ಎಲೆಯ ಫೋಟೋ ತೋರಿಸಿದೆ. ಹುಳ ನರವನ್ನು ಯಾಕೆ ತಿನ್ನಲ್ಲ ಅಂತ ಕೇಳಿದಳು. ಗಟ್ಟಿ ಇರುತ್ತದೆ, ಅದಕ್ಕೆ ಅಗಿಯಲು ಆಗಲ್ಲ ಅಂದೆ. ಈಗ ತನ್ನನ್ನೂ ಕರೆದುಕೊಂಡು ಹೋಗು ಅಂತ ಹಟ.

ಗದಗಿನ ಅಣ್ಣಾರೆ, ಮಾಗಡಿ ಕೆರೆಯ ಬಗ್ಗೆ ಕೇಳಿದ್ದೇನೆ. ಸಣ್ಣ ಹುಡುಗಿಯ ಜೊತೆ ಬಂದರೆ ಅನುಕೂಲವಾ? ಯಾವಾಗ ಬರುವುದು ಒಳ್ಳೆಯದು?

ಕಪ್ಪತ್ತ_ಗಾಳಿ (ಗದಗ)

ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಶಿರಹಟ್ಟಿ ತಾಲ್ಲೂಕು, ಗದಗಿನಿಂದ 26 ಕಿಲೋಮೀಟರ್. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ. ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಮಗಳು ತಾನೇ ಗುರುತಿಸುತ್ತಾಳೆ. ಡಿಸೆಂಬರ್, ಜನವರಿಯಲ್ಲಿ ಬನ್ನಿ. ಸಂಜೆ ಹೊಲಗಳಿಗೆ ಮೇಯಲು ಹೋದವು ಬೆಳಿಗ್ಗೆ ಕೆರೆಗೆ ಮರಳುತ್ತವೆ. ಆ ಹೊತ್ತಿಗೆ ಅಲ್ಲಿದ್ದರೆ ನೆತ್ತಿಯ ಮೇಲೇ ಹಾರಿ ಬರುವುದು ಕಾಣುತ್ತದೆ. ಹಾರುವಾಗ ತೆಗೆಯಬೇಕಾದರೆ ಶಟರ್ ವೇಗ ಸೆಕೆಂಡಿನ 1/1000ಕ್ಕೆ ಇಟ್ಟುಕೊಳ್ಳಿ.

ಏರಿಯ ಮೇಲೆ ಗಾಳಿ ಚಳಿ ಇರುತ್ತದೆ, ಮಗುವಿಗೆ ಸ್ವೆಟರ್, ಟೋಪಿ ಹಾಕಿ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಬೇಡ. ತಿನ್ನಲು ಏನಾದರೂ ಕಟ್ಟಿಕೊಂಡು ಬನ್ನಿ, ಹೊಟ್ಟೆ ಹಸಿದರೆ ಮಕ್ಕಳು ಕಾಯುವುದಿಲ್ಲ. ನನ್ನ ಹತ್ತಿರ 8x42 ಬೈನಾಕ್ಯುಲರ್ ಇದೆ, ತರುತ್ತೇನೆ. ಶನಿವಾರ ಪ್ರೆಸ್ಸು ಇರುತ್ತದೆ, ಭಾನುವಾರ ಆದರೆ ಸರಿ. ಮೇಷ್ಟ್ರೂ ಬರುವುದಾದರೆ ಹೇಳಲಿ, ಹಾವೇರಿಯಿಂದ ಲಕ್ಷ್ಮೇಶ್ವರದ ಮೇಲೆ ಬರಬಹುದು. ಹೊರಡುವ ಹಿಂದಿನ ದಿನ ಇಲ್ಲೇ ಒಂದು ಮಾತು ಬರೆಯಿರಿ, ಬಾತುಗಳು ಎಷ್ಟು ಬಂದಿವೆ ಅಂತ ಅಲ್ಲಿನ ವಾಚರ್‌ಗೆ ಕೇಳಿ ಹೇಳುತ್ತೇನೆ.